ಮುಂಗೈ ಮೇಲಿನ ತೊಟ್ಟಿಲು

ಹೆಣ್ಣು ಹುಟ್ಟಿತು! ಠಾಣೆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ನನ್ನ ಮಗನಿಗೆ ಮಗಳು, ನನಗೆ ಮೊಮ್ಮಗಳು! ತಾಯಿ ಆರಾಮಾಗಿದ್ದಾಳೆ, ಕೂಸು ಗಟ್ಟಿಯಾಗಿದೆ, ತಲೆ ತುಂಬ ಕೂದಲು. ಉಳಿದದ್ದೆಲ್ಲ ಆಮೇಲೆ. ಇಷ್ಟು ವರ್ಷಗಳಾದರೂ ಈ ಸುದ್ದಿಯನ್ನು ಮೊದಲು ಬರೆದುಕೊಳ್ಳದೆ ನನಗೆ ಮುಂದಕ್ಕೆ ಕೈ ಓಡುವುದಿಲ್ಲ.

ಆ ದಿನ ನಾನು ಡೊಂಬಿವಲಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಗ ಮೆಟ್ಟಿಲು ಹಾರಿ ಹಾರಿ ಬಂದು ಬಾಗಿಲಲ್ಲೇ ಕೂಗಿದ. “ಅವ್ವಾ, ಮುಲಗೀ ಝಾಲೀ! ಹೆಣ್ಣು ಹುಟ್ಟ್ಯಾಳ!” ಹಿಟ್ಟಿನ ಕೈಯಲ್ಲೇ ಅವನ ಎರಡೂ ಗಲ್ಲ ಹಿಡಿದೆ. ಅವನ ಮುಖ ಪೂರ್ತಿ ಬಿಳಿಯಾಯಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಕರಕಲಾಯಿತು. ಎದುರು ಮನೆಯ ಮರಾಠಿ ಬಾಯಿ ಹೊಗೆ ಕಂಡು ಓಡಿ ಬಂದರೆ, ಅವಳ ಬಾಯಿಗೂ ಸಕ್ಕರೆ ಹಾಕಿದೆ. ಮದುವೆಯಾಗಿ ವರ್ಷಗಟ್ಟಲೆ ಕಾದು, ಜನರ ಮಾತು ಕೇಳಿ ಕೇಳಿ ಕಿವಿ ದಡ್ಡುಗಟ್ಟಿದ ಮೇಲೆ ಬಂದ ಕೂಸು ಅದು.

ನಮ್ಮದು ವಿಜಾಪುರದ ಕಡೆ. ನಾನು ಓದಿದ್ದು ಮೂರನೆಯ ಇಯತ್ತೆಯ ತನಕ ಮಾತ್ರ. ನಮ್ಮ ಮನೆಯವರು ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದರು. ಅವರ ಉಗುರು ಒಂದು ದಿನ ಕೆಂಪು, ಒಂದು ದಿನ ನೀಲಿ. ಮಗ ರಬಾಳೆಯ ಕಡೆ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಠಾಣೆಯ ತನಕ ಲೋಕಲ್ ಗಾಡಿ, ಅಲ್ಲಿಂದ ಬಸ್ಸು. ಹೋಗುತ್ತ ಬರುತ್ತ ಠಾಣೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದ, ಕಾಫಿ ಕುಡಿದ, ಕೊನೆಗೆ ಮಾಲಕರ ಮಗಳನ್ನೇ ಮದುವೆಯಾದ. ಸೊಸೆ ಬಂಗಾರದಂಥವಳು. ಆದರೆ ಅವಳ ತಾಯಿ, ನನ್ನ ಬೀಗತಿ, ನನ್ನನ್ನು ನೋಡುವಾಗ ಹುಬ್ಬು ಸ್ವಲ್ಪ ಮೇಲೆಯೇ ಇರುತ್ತಿತ್ತು. ನನ್ನ ಹುಬ್ಬೂ ಹಾಗೇ ಇರುತ್ತಿತ್ತೆಂದು ನಮ್ಮ ಮನೆಯವರು ಹೇಳುತ್ತಿದ್ದರು. ಅದು ಅವರ ಮಾತು.

ಈಗ ನನ್ನ ಕೈಯ ವಿಷಯ ಹೇಳಬೇಕು. ನಾನು ಹುಡುಗಿಯಾಗಿದ್ದಾಗ ಎಡಗೈಗೆ ಹಚ್ಚೆ ಹಾಕಿಸಿದ್ದರು. ಮಣಿಕಟ್ಟಿನ ಹತ್ತಿರ ತುಳಸಿಕಟ್ಟೆ, ಮೊಣಕೈ ಹತ್ತಿರ ಚೇಳು. ನಡುವೆ ಮುಂಗೈ ಮೇಲೆ ಅಂಗೈಯಗಲದ ಜಾಗವನ್ನು ನಮ್ಮವ್ವ ಖಾಲಿ ಬಿಡಿಸಿದ್ದಳು. ಅದು ಮೊಮ್ಮಗಳ ಜಾಗ. ಮೊದಲ ಮೊಮ್ಮಗಳು ಹುಟ್ಟಿದಾಗ ಅಜ್ಜಿಯಾದವಳು ಅಲ್ಲಿ ತೊಟ್ಟಿಲಿನ ಹಚ್ಚೆ ಹಾಕಿಸಿಕೊಳ್ಳಬೇಕು. ಕೂಸನ್ನು ಮೊದಲು ಆ ತೊಟ್ಟಿಲ ಮೇಲೆ ಮಲಗಿಸಿಕೊಂಡು, ಆಮೇಲೆ ಮನೆಯ ತೊಟ್ಟಿಲಿಗೆ ಹಾಕಬೇಕು. ಅಲ್ಲಿಯ ತನಕ ಹಚ್ಚೆಯ ಸುದ್ದಿಯನ್ನು ಕೂಸಿನ ತಾಯಿಯ ಕಡೆಯವರ ಮುಂದೆ ಆಡಬಾರದು, ಆಡಿದರೆ ಫಲವಿಲ್ಲ. ನಮ್ಮ ತವರಿನಲ್ಲಿ ನಡೆದುಬಂದದ್ದು ಇದು. ನಮ್ಮವ್ವನ ಕೈಮೇಲಿನ ತೊಟ್ಟಿಲ ಮೇಲೆ ತಲೆ ಇಟ್ಟು ನನ್ನ ಅಣ್ಣನ ಮಗಳು ಜೊಲ್ಲು ಸುರಿಸುತ್ತ ಮಲಗುತ್ತಿದ್ದುದು ನನಗೆ ಈಗಲೂ ಕಾಣುತ್ತದೆ. ನನ್ನ ಕೈಯ ಆ ಜಾಗ ಮಾತ್ರ ಖಾಲಿ ಉಳಿದು, ಚರ್ಮವೇ ಸುಕ್ಕಾಗತೊಡಗಿತ್ತು.

ಮೊದಲ ಹೆರಿಗೆ ತವರಿನಲ್ಲಿ, ಹಾಗಾಗಿ ಕೂಸು ಠಾಣೆಯಲ್ಲಿ. ತಿಂಗಳು ತುಂಬಿದ ಮೇಲೆ ತೊಟ್ಟಿಲಿಗೆ ಹಾಕುವುದೆಂದು ಮಾತಾಯಿತು. ಹಾಕಬೇಕಾದವಳು ತಂದೆಯ ತಾಯಿ, ಅಂದರೆ ನಾನು. ಆದರೆ ನಾನು ಕೂಸನ್ನು ಎತ್ತಿಕೊಂಡೇ ಇರಲಿಲ್ಲ! ಆಸ್ಪತ್ರೆಯಲ್ಲಿ ನರ್ಸ್ ಗದರಿಸಿ ಹೊರಗೆ ಕಳಿಸಿದಳು. ಆಮೇಲೆ ಹೋಟೆಲಿನ ಮಾಳಿಗೆ ಮನೆಗೆ ಹೋದಾಗಲೆಲ್ಲ ಬೀಗತಿಯದು ಒಂದೇ ಮಾತು. “ಮಗು ಈಗ ಮಲಗಿದ್ದಷ್ಟೆ.” ನನ್ನ ಗಾಡಿ ಠಾಣೆಗೆ ಮುಟ್ಟುವುದನ್ನೇ ಕಾಯ್ದು ಕೂಸು ಕಣ್ಣು ಮುಚ್ಚುತ್ತಿತ್ತೇನೋ. ಬಾಗಿಲಲ್ಲಿ ನಿಂತು ಕರಿ ಕೂದಲು ನೋಡಿ ಬರುತ್ತಿದ್ದೆ. ಬೀಗತಿ ಬೇಕೆಂದೇ ಹೀಗೆ ಮಾಡುತ್ತಾಳೆಂಬ ಸಂಶಯ ಆಗಲೇ ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಹಚ್ಚೆ ಯಾರ ಕೈಯಿಂದ ಹಾಕಿಸುವುದು? ಕಲ್ಯಾಣ ಸ್ಟೇಷನ್ನಿನ ಹೊರಗೆ ಬ್ಯಾಟರಿ ಮಷೀನು ಇಟ್ಟುಕೊಂಡು ಗಂಡಸರ ತೋಳಿನ ಮೇಲೆ ಹೆಸರು ಬರೆಯುವವನೊಬ್ಬ ಕೂಡುತ್ತಿದ್ದ. ನಿಂತು ನೋಡಿದೆ. ಒಬ್ಬನ ತೋಳಿನಿಂದ ತೆಗೆದ ಸೂಜಿಯನ್ನು ಲುಂಗಿಗೆ ಒರೆಸಿ ಇನ್ನೊಬ್ಬನ ತೋಳಿಗೆ ಇಟ್ಟ. ನಾನು ಅಲ್ಲಿಂದಲೇ ತಿರುಗಿದೆ. ನಮ್ಮ ಕಟ್ಟಡಕ್ಕೆ ಸೂಜಿ, ಪಿನ್ನು, ಕರಿಮಣಿ ಮಾರಲು ಬರುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳೂ ನಮ್ಮ ಕಡೆಯವಳೇ, ಕೈಯಿಂದ ಹಚ್ಚೆ ಚುಚ್ಚುತ್ತಿದ್ದಳು. ಅವಳನ್ನು ಒಳಗೆ ಕರೆದೆ.

“ತೊಟ್ಟಿಲಾ ಹಾಕಾಕ ಬರ್ತದೇನ?”

“ಬರದ ಏನ್ರಿ ಅಕ್ಕಾ. ತೊಟ್ಟಿಲಾ, ಅದರಾಗ ಕೂಸು, ಮ್ಯಾಲೆ ಎರಡು ಗಿಣಿ. ಆದ್ರ ಹಾಲು ನೀವು ತರಬೇಕು.”

“ಎಮ್ಮೀದೋ, ಆಕಳದೋ?”

“ಅಯ್ಯ, ಅದರಿಂದ ಚಹಾ ಮಾಡ್ತಾರ್ರಿ! ತೊಟ್ಟಿಲಕ್ಕ ಕೂಸಿನ ತಾಯಿ ಎದಿ ಹಾಲು ಬೇಕು. ದೀಪದ ಮಸಿ ಅದರಾಗ ಕಲಸಿದ್ರ ಹಚ್ಚಿ ತಂಪಾಗಿ ಕುಂದರ್ತದ.”

“ಸೂಜಿ ಹೊಸಾದು ತರ್ತಿ?”

“ಹೊಸಾವ ತರ್ತೀನಿ.”

“ನನ್ನ ಮುಂದ ಕುದಿಯೋ ನೀರಾಗ ಹಾಕ್ತಿ?”

“ಇಷ್ಟು ಸಂಶೇ ಇದ್ರ ಆ ಮಷೀನಿನ್ಯಾಂವನ ಕಡೆ ಹೋಗ್ರಿ ಅಕ್ಕಾ,” ಎಂದು ಚೀಲ ಎತ್ತಿದಳು. ನಾನು ಚೀಲದ ಹಿಡಿಕೆ ಹಿಡಿದು ಕೂಡಿಸಿದೆ. ಸೂಜಿ ಕುದಿಸುವುದಕ್ಕೆ ಒಪ್ಪಿದ ಮೇಲೇ ಬಿಟ್ಟೆ.

ಮರುದಿನ ಠಾಣೆಗೆ ಹೋದೆ. ಬೀಗತಿ ಕಾಫಿ ತಂದಳು. ಕೂಸು ಮಲಗಿತ್ತು, ಹೇಳುವುದೇ ಬೇಡ. ನಾನು ಸೆರಗು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ ಹೇಳಿದೆ.

“ಅಕ್ಕಾರ, ನನಗ ಆಕಿ ಎದಿ ಹಾಲು ಒಂದು ಚಮಚಾ ಬೇಕಾಗಿತ್ತರಿ.”

ಕಾಫಿ ಲೋಟ ಅವಳ ಕೈಯಲ್ಲಿ ಹಾಗೇ ನಿಂತಿತು. “ಎಂತದ್ದು?”

“ಹಾಲ್ರಿ. ಬಾಣಂತೀದು.”

“ಎಂತಕ್ಕೆ?”

“ಒಂದು ಕೆಲಸ ಅದರಿ.”

“ಎಂತ ಕೆಲಸ?”

“ಅದನ್ನ ಈಗ ಹೇಳೂ ಹಂಗಿಲ್ರಿ. ಹೇಳಿದ್ರ ನಡಿಯಂಗಿಲ್ಲ.”

ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಆಮೇಲೆ ಒಳಗೆ ಹೋದಳು. ಒಳಗೆ ತುಳುವಿನಲ್ಲಿ ಪಿಸಿಪಿಸಿ ನಡೆಯಿತು. ನಮ್ಮ ಸೊಸೆ ತನ್ನ ತಾಯಿಯೊಡನೆ ತುಳುವಿನಲ್ಲೇ ಮಾತಾಡುವುದು. ನನಗೆ ಆ ಭಾಷೆಯ ತಲೆಬುಡ ತಿಳಿಯದು. ತಿಳಿಯದ ಭಾಷೆಯಲ್ಲಿ ಯಾರು ಪಿಸುಗುಟ್ಟಿದರೂ ನನ್ನ ಬಗ್ಗೆಯೇ ಅನ್ನಿಸುತ್ತದೆ. ಪಾತ್ರೆ ಸದ್ದಾಯಿತು, ಯಾರೋ ಕೆಳಗಿನ ಹೋಟೆಲಿಗೆ ಇಳಿದು ಮತ್ತೆ ಹತ್ತಿ ಬಂದ ಹಾಗಾಯಿತು. ಸುಮಾರು ಹೊತ್ತಿನ ಮೇಲೆ ಬೀಗತಿ ಒಂದು ಸಣ್ಣ ಔಷಧದ ಬಾಟಲಿ ತಂದು ನನ್ನ ಕೈಗಿಟ್ಟಳು. ಮುಖದಲ್ಲಿ ನಗು ಇತ್ತು. ಎಂದೂ ನಗದವಳು ನಕ್ಕರೆ ನನಗೆ ಸರಿಬರುವುದಿಲ್ಲ.

ಗಾಡಿಯಲ್ಲಿ ಆ ಬಾಟಲಿಯನ್ನು ರವಿಕೆಯೊಳಗೆ ಇಟ್ಟುಕೊಂಡು, ಎರಡೂ ಕೈ ಎದೆಗೆ ಅಡ್ಡ ಹಿಡಿದು, ಜನರ ಒತ್ತಿನಲ್ಲಿ ಡೊಂಬಿವಲಿಯ ತನಕ ನಿಂತೇ ಬಂದೆ. ಪಕ್ಕದ ಹೆಂಗಸು “ಕ್ಯಾ ಹುವಾ ಬಾಯ್, ಛಾತೀ ಮೇಂ ದರ್ದ್?” ಎಂದಳು, ಎದೆನೋವೇ ಎಂದು. ಇವಳಿಗೇಕೆ ಅದೆಲ್ಲ ಎಂದು ಆ ಕಡೆ ತಿರುಗಿ ನಿಂತೆ.

ಹಚ್ಚೆಯಾಕೆ ಆಗಲೇ ಬಾಗಿಲಲ್ಲಿ ಕೂತಿದ್ದಳು. ಔಡಲೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಹಿಡಿದು ಮಸಿ ಕೂಡಿಸಿದಳು. ಸೂಜಿಗಳು ಪಾತ್ರೆಯಲ್ಲಿ ಕುದಿಯುವುದನ್ನು ನಾನು ಸ್ಟೋವಿನ ಮುಂದೆ ನಿಂತು ನೋಡಿದೆ. ಮಸಿಯನ್ನು ತೆಂಗಿನ ಚಿಪ್ಪಿಗೆ ಕೆರೆದು ಹಾಕಿ, ಬಾಟಲಿಯ ಬೂಚು ತೆಗೆದು ಮೂಸಿದಳು.

“ಅಕ್ಕಾ, ಯಾಲಕ್ಕಿ ವಾಸನಿ ಬರ್ತದಲ್ರಿ?”

ನಾನೂ ಮೂಸಿದೆ. ಹೌದು, ಬರುತ್ತಿತ್ತು. “ಹೋಟೆಲ್ ಮಂದಿ. ಬಾಣಂತಿಗೆ ಯಾಲಕ್ಕಿ ಹಾಕಿ ಏನರ ತಿನಿಸ್ಯಾರು,” ಎಂದೆ.

“ತಿನಿಸಿದ್ದು ಹಾಲಿಗೆ ಇಷ್ಟು ಇಳೀತದೇನ್ರಿ?”

“ಆಕಿ ಭಾರಿ ಹಾಲಿನಾಕಿ. ನೀ ಚುಚ್ಚು.”

ಚುಚ್ಚಿದಳು. ಮೂರು ಸೂಜಿ ಕೂಡಿಸಿ ದಾರ ಸುತ್ತಿ, ಮಸಿಯಲ್ಲಿ ಅದ್ದಿ, ಟಕಟಕ ಟಕಟಕ. ಹುಡುಗಿಯಾಗಿದ್ದಾಗ ಇಷ್ಟು ನೋವಾದ ನೆನಪಿಲ್ಲ. ಆಗ ಹಾಕುವಾಕೆ ಹಾಡು ಹೇಳಿ ಮರೆಸುತ್ತಿದ್ದಳು. ಇವಳು ಹಾಡಲಿಲ್ಲ, ರೇಷನ್ ಅಂಗಡಿಯವನು ಸೀಮೆಎಣ್ಣೆಯಲ್ಲಿ ಹೇಗೆ ಮೋಸ ಮಾಡುತ್ತಾನೆಂದು ಬೈದಳು. ಅವನನ್ನು ಬೈಯಲು ನಾನೂ ಸೇರಿಕೊಂಡೆ, ನೋವು ಅರ್ಧ ಇಳಿಯಿತು. ತೊಟ್ಟಿಲಿನ ಕಾಲು ಬಂತು, ಹಗ್ಗ ಬಂತು, ಗಿಣಿ ಬಂತು. ಕೂಸಿನ ಜಾಗಕ್ಕೆ ಒಂದು ದುಂಡನೆಯ ಚುಕ್ಕೆ ಇಟ್ಟಾಗ ನನಗೆ ಅಳುವೇ ಬಂತು. ಅವಳು ಹೆದರಿ ಸೂಜಿ ಎತ್ತಿದಳು. “ಸಂತೋಷಕ್ಕ ಅಳ್ಳಿಕ್ಕತ್ತೀನಿ, ನೀ ನಿಲ್ಲಿಸಬ್ಯಾಡ,” ಎಂದೆ.

ಹೋಗುವಾಗ ಹೇಳಿದಳು. “ಅರಿಷಿಣ, ಔಡಲೆಣ್ಣಿ ಹಚ್ಚರಿ. ನೀರು ತಾಕಿಸಬ್ಯಾಡ್ರಿ. ಎಷ್ಟು ತುರಿಸಿದ್ರೂ ಕೆರಕೋಬ್ಯಾಡ್ರಿ. ಬದನಿಕಾಯಿ ಮುಟ್ಟಬ್ಯಾಡ್ರಿ.” ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ಚಿಪ್ಪಿನಲ್ಲಿ ಉಳಿದ ಮಸಿಗೆ ಇರುವೆ ಮುತ್ತಿದವು. ಗೋಡೆಯ ಸಂದಿಯಿಂದ ಸಾಲು ಹಿಡಿದು ಬರುತ್ತಿದ್ದವು. ತಾಯಿಯ ಹಾಲು ಸಿಹಿ ಎಂದು ಕೇಳಿದ್ದೆ. ಇರುವೆ ಕರೆಯುವಷ್ಟು ಸಿಹಿಯೇ? ಚಿಪ್ಪನ್ನು ಕಸಕ್ಕೆ ಹಾಕಿದೆ, ಸಂಶಯವನ್ನು ಹಾಕಲು ಆಗಲಿಲ್ಲ.

ಮೊದಲು ಕೈ ಬಿಸಿಯಾಯಿತು. ಹಚ್ಚೆ ಹಾಕಿದರೆ ಬಿಸಿಯಾಗುವುದೇ ಎಂದು ಅರಿಶಿನ ಬಳಿದೆ. ಆಮೇಲೆ ಊದಿತು. ಇನ್ನಷ್ಟು ಬಳಿದೆ. ತೊಟ್ಟಿಲು, ಗಿಣಿ ಎಲ್ಲ ಸೇರಿ ಒಂದು ಕಪ್ಪು ಹಳದಿ ಗುಡ್ಡೆಯಾಯಿತು. ನಮ್ಮ ಮನೆಯವರು ಕೆಲಸದಿಂದ ಬಂದು, ನೀಲಿ ಉಗುರಿನ ಬೆರಳಿನಿಂದ ಅಂಚು ಒತ್ತಿ ನೋಡಿದರು.

“ಈ ಕಪ್ಪು ಎಲ್ಲಿಂದು? ನಮ್ಮ ಕಂಪನಿ ಗಟಾರದಾಗಿಂದ ತಂದಾಳೇನ ಆಕಿ?”

“ನನ್ನ ಕಣ್ಣ ಮುಂದ ದೀಪದಿಂದ ಮಾಡ್ಯಾಳ.”

“ಹಂಗಾದ್ರ ಸೂಜಿ.”

“ಸೂಜಿ ನಾನ ಕುದಿಸೀನಿ.”

“ಹಂಗಾದ್ರ ಹಾಲು,” ಎಂದರು ಅವರು. ಅದೇ ಮಾತು ನನ್ನ ನಾಲಿಗೆಯ ತುದಿಯಲ್ಲೂ ಇತ್ತು.

ಅವರು ಒತ್ತಾಯ ಮಾಡಿ ಸ್ಟೇಷನ್ ರಸ್ತೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಮರಾಠಿ ಮನುಷ್ಯ, ವಯಸ್ಸಾದವರು. “ಆಜೀ, ಹ್ಯಾ ವಯಾತ ಗೋಂದಣ?” ಎಂದು ಕನ್ನಡಕದ ಮೇಲಿನಿಂದ ನೋಡಿದರು. ಈ ವಯಸ್ಸಿನಲ್ಲಿ ಹಚ್ಚೆಯೇ ಎಂದು. ಮೊಮ್ಮಗಳು ಹುಟ್ಟಿದ್ದಾಳೆಂದೆ. ಅವರು ನಕ್ಕರು, ಆದರೆ ಇಂಜೆಕ್ಷನ್ ಚುಚ್ಚುವುದನ್ನು ಬಿಡಲಿಲ್ಲ. ಕೀವು ತೆಗೆದು ತೊಳೆದರು. ಗುಳಿಗೆ ಕೊಟ್ಟರು, ಮುಲಾಮು ಕೊಟ್ಟರು. ಅರಿಶಿನ, ಎಣ್ಣೆ ಎಲ್ಲ ಬಂದ್, ದಿನಾ ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಮುಲಾಮು ಹಚ್ಚಬೇಕು ಎಂದರು. ಎದ್ದು ಬರುವಾಗ ಇನ್ನೊಂದು ಮಾತು ಸೇರಿಸಿದರು. ಹಕ್ಕಳೆಯೆಲ್ಲ ಉದುರಿ ಚರ್ಮ ಕೂಡುವ ತನಕ ಎಳೆ ಕೂಸನ್ನು ಆ ಕೈಯಲ್ಲಿ ಎತ್ತಿಕೊಳ್ಳಬಾರದು.

ಅದಕ್ಕಾಗಿಯೇ ಹಾಕಿಸಿಕೊಂಡ ಹಚ್ಚೆ, ಅದರಿಂದಲೇ ಕೂಸು ದೂರ! ಒಬ್ಬಳು ನೀರು ತಾಕಿಸಬೇಡ ಎಂದಿದ್ದಳು, ಒಬ್ಬರು ದಿನಾ ತೊಳೆ ಎಂದರು. ನನಗೆ ಇಬ್ಬರ ಮೇಲೂ ನಂಬಿಕೆ ಇರಲಿಲ್ಲ. ಆದರೆ ಕೂಸಿನ ಮಾತು ಎತ್ತಿದವರು ಡಾಕ್ಟರು, ಹಾಗಾಗಿ ಅವರ ಮಾತೇ ಗಟ್ಟಿ ಎಂದುಕೊಂಡೆ.

ಮಗನಿಗೆ ಕೈಗೆ ಹುಣ್ಣಾಗಿದೆ ಎಂದಷ್ಟೇ ಹೇಳಿದ್ದೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ದಿನಾ ಸಂಜೆ ಠಾಣೆಯಲ್ಲಿ ಇಳಿದು ಕೂಸನ್ನು ನೋಡಿಯೇ ಬರುವವನು. ಅಲ್ಲಿ ಹೇಳಿಬಿಟ್ಟ. ಮರುದಿನ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

“ಅವ್ವಾ, ನೀ ಅತ್ತಿಯವರ ಕಡೆಯಿಂದ ಏನೋ ಹಾಲು ತಂದೀಯಂತ?”

“ಯಾಕ?”

“ಅದನ್ನ ಏನ್ ಮಾಡಿದ್ರು ನಿಮ್ಮ ತಾಯಿ ಅಂತ ಕೇಳ್ಲಿಕ್ಕತ್ತಾರ. ಮಾಟಾ ಮಾಡಿದ್ರ ಮಾಡಿದವರ ಕೈಗೇ ತಿರುಗಿ ಬರ್ತದಂತ. ಕೈ ನೋಡಿಕೊಳ್ಳಲಿ ಅಂದ್ರು.”

ನನ್ನ ಮೈಯೆಲ್ಲ ಉರಿಯಿತು. ಮಾಟ! ಮೊಮ್ಮಗಳಿಗೆ ನಾನು ಮಾಟ ಮಾಡುವವಳೇ? ಆ ಕ್ಷಣಕ್ಕೆ ನನಗೆಲ್ಲ ಹೊಳೆಯಿತು. ಯಾಲಕ್ಕಿ, ಇರುವೆ, ಆ ನಗು. “ಹಾಲಿನ್ಯಾಗ ಏನ್ ಹಾಕಿ ಕೊಟ್ಟಿದ್ರು ಅಂತ ನಾಳೆ ನೀ ಅವರನ್ನ ಕೇಳು! ಮಾಟಾ ಯಾರು ಮಾಡ್ಯಾರ ಗೊತ್ತಾಗ್ತದ!”

ಮಗ ಎರಡೂ ಕೈ ಜೋಡಿಸಿದ. “ರಬಾಳೆಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ಗಾಡಿ ಬಾಗಲಕ್ಕ ಲಟಕಿ ಲಟಕಿ ಜೀವ ಹೋಗ್ಲಿಕ್ಕತ್ತದ. ನಿಮ್ಮಿಬ್ಬರ ಹಾಲಿನ ಪಂಚಾಯ್ತಿ ನನ್ನ ತಲಿ ಮ್ಯಾಲೆ ಹೊರಸಬ್ಯಾಡ್ರಿ.” ಆದರೂ ಕೇಳಿದ್ದಾನೆ. ಅಲ್ಲಿಂದ ಬಂದ ಉತ್ತರ ಹೀಗಿತ್ತು. ಕೈ ವಾಸಿಯಾಗದಿದ್ದರೆ ಪರವಾಗಿಲ್ಲ, ತೊಟ್ಟಿಲಿಗೆ ಬೀಗತಿಯೇ ಹಾಕುತ್ತಾಳಂತೆ, ತಾಯಿಯ ತಾಯಿಯೂ ಅಜ್ಜಿಯೇ ಅಂತೆ.

ಅಷ್ಟು ಸಾಕಾಯಿತು. ಅಂದಿನಿಂದ ಆ ಕೈಯನ್ನು ನಾನು ಕೂಸಿನಂತೆ ನೋಡಿಕೊಂಡೆ. ನಳಕ್ಕೆ ನೀರು ಬರುವುದು ಬೆಳಗ್ಗೆ ಒಂದು ಹೊತ್ತು ಮಾತ್ರ. ಮೊದಲ ಬಿಂದಿಗೆ ಕೈ ತೊಳೆಯುವುದಕ್ಕೆ, ಉಳಿದದ್ದು ಮನೆಗೆ. ಹಳೆ ಧೋತರ ಹರಿದು ಕುದಿಸಿ ಒಣಗಿಸಿ ಪಟ್ಟಿ ಮಾಡಿದೆ. ಒಂದು ಕೈಯಲ್ಲಿ ರೊಟ್ಟಿ ಬಡಿಯಲು ಬರುವುದಿಲ್ಲ, ಹಾಗಾಗಿ ನಮ್ಮ ಮನೆಯವರೇ ಬಡಿದರು. ರೊಟ್ಟಿಯ ಮೇಲೆ ನೀಲಿ ಬೆರಳಚ್ಚು ಕಂಡ ಹಾಗಾಗಿ ನಾನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. “ಬಣ್ಣಲ್ಲ ಅದು, ಸುಟ್ಟಿದ್ದು. ತಿನ್ನು,” ಎನ್ನುತ್ತಿದ್ದರು. ಹಕ್ಕಳೆ ಕಟ್ಟಿದ ಮೇಲೆ ಬಂದ ತುರಿಕೆಯನ್ನು ಹೇಗೆ ಹೇಳಲಿ! ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಬಲಗೈಗೆ ಅಕ್ಕಿ ಆರಿಸುವ ಕೆಲಸ ಕೊಟ್ಟು ಕೂಡುತ್ತಿದ್ದೆ. ಕಲ್ಲೇ ಇಲ್ಲದ ಅಕ್ಕಿಯನ್ನು ಮತ್ತೆ ಮತ್ತೆ ಆರಿಸಿದೆ. ಊತ ಇಳಿಯಿತು. ಹಕ್ಕಳೆ ಒಂದೊಂದಾಗಿ ಉದುರಿ, ಕೆಳಗೆ ಗಿಣಿಯ ಕೊಕ್ಕು, ತೊಟ್ಟಿಲ ಕಾಲು ಕಾಣತೊಡಗಿದವು.

ಆದರೂ ತೊಟ್ಟಿಲ ದಿನ ಬೆಳಗ್ಗೆ ಎದ್ದು ನೋಡಿದರೆ ಒಂದು ಹಕ್ಕಳೆ ಉಳಿದೇ ಇತ್ತು. ತೊಟ್ಟಿಲಿನ ಎಡಗಡೆಯ ಹಗ್ಗದ ಮೇಲೆ, ಅಂಚೆಲ್ಲ ಎದ್ದು, ನಡುವೆ ಮಾತ್ರ ಹಿಡಿದುಕೊಂಡು. ಕಿತ್ತರೆ ಮತ್ತೆ ಗಾಯ. ಕೀಳದಿದ್ದರೆ ಬೀಗತಿ ಬಿಡುವವಳಲ್ಲ. ಮಣಿಕಟ್ಟು ಮುಟ್ಟುವ ಉದ್ದ ತೋಳಿನ ರವಿಕೆ ತೊಟ್ಟು, ಮೇಲೆ ಸೆರಗು ಹೊದ್ದು, ಜೋಳದ ರೊಟ್ಟಿ, ಎಣ್ಣೆ ಹೋಳಿಗೆಯ ಗಂಟು ಹಿಡಿದುಕೊಂಡು, ಮನೆಯವರ ಜೊತೆ ಠಾಣೆಗೆ ಹೊರಟೆ.

ಮಾಳಿಗೆ ಮನೆಯಲ್ಲಿ ತೊಟ್ಟಿಲಿಗೆ ಹೂ ಕಟ್ಟಿದ್ದರು. ಬೀಗತಿ ಬಾಗಿಲಲ್ಲೇ ನನ್ನ ರವಿಕೆಯ ಉದ್ದ ತೋಳು ನೋಡಿದಳು. “ಒಂದು ನಿಮಿಷ ಬನ್ನಿ,” ಎಂದು ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋಗಿ ಅಗಣಿ ಹಾಕಿದಳು.

“ಕೈ ತೋರಿಸಿ.”

“ಯಾಕ್ರಿ ತೋರಿಸಬೇಕು?”

“ಮಗುವನ್ನು ಎತ್ತಿಕೊಳ್ಳಬೇಕು ಅಂತ ಉಂಟಲ್ಲ? ಹಾಗಾದರೆ ತೋರಿಸಿ. ನನಗೂ ಎಷ್ಟೋ ವರ್ಷ ಆದ ಮೇಲೆ ಸಿಕ್ಕಿದ ಮಗು ಅದು.”

ಆ ಕೊನೆಯ ಮಾತಿಗೆ ನಾನು ರವಿಕೆಯ ತೋಳು ಮೇಲಕ್ಕೆ ಸರಿಸಿದೆ. ಅವಳು ಮೊದಲು ನೋಡಿದ್ದು ಹಕ್ಕಳೆಯನ್ನು. ತುಟಿ ಬಿಗಿದು, ಬಿಸಿನೀರು ಬೆರೆಸಿ, ಸೋಪು ತೆಗೆದುಕೊಂಡು ತಾನೇ ನನ್ನ ಕೈ ತೊಳೆಯತೊಡಗಿದಳು. ಸಂಶಯದಿಂದ ತೊಳೆಯುವವರ ಕೈ ಹಾಗೇ ಇರುತ್ತದೇನೋ, ಸಂದಿಗೊಂದಿ ಬಿಡಲಿಲ್ಲ. ರಕ್ತ ಬಂದರೆ ಮುಗಿಯಿತು, ತೊಟ್ಟಿಲಿಗೆ ಹಾಕುವವಳು ಇವಳೇ. ಬಿಸಿನೀರಿಗೆ ಹಕ್ಕಳೆ ಮೆತ್ತಗಾಯಿತು, ಜಾರಿತು, ಸೋಪಿನ ನೊರೆಯ ಜೊತೆ ಬಚ್ಚಲ ತೂಬಿಗೆ ಹೋಯಿತು. ಇಬ್ಬರೂ ಬಗ್ಗಿ ನೋಡಿದೆವು. ರಕ್ತ ಇಲ್ಲ. ಕೆಳಗೆ ತೆಳ್ಳಗೆ ಹೊಳೆಯುವ ಹೊಸ ಚರ್ಮ.

ಆಗ ಅವಳಿಗೆ ಚಿತ್ರ ಕಂಡಿತು. ಬೆರಳಿನಿಂದ ಹಗ್ಗದ ಗುಂಟ ಇಳಿದಳು. “ಇದು ಎಂತ? ತೊಟ್ಟಿಲಾ?”

“ಹೌದ್ರಿ.”

“ಒಳಗೆ ಈ ಚುಕ್ಕೆ?”

“ಕೂಸು.”

ಇನ್ನು ಹೇಳಬಾರದು ಅನ್ನುವುದಕ್ಕೆ ಅರ್ಥವಿರಲಿಲ್ಲ. ಎಲ್ಲ ಹೇಳಿದೆ. ಖಾಲಿ ಬಿಟ್ಟ ಜಾಗ, ನಮ್ಮವ್ವ, ಮಸಿ, ತಾಯಿಯ ಹಾಲು. ಹೇಳುತ್ತಿದ್ದಂತೆ ಅವಳ ಮುಖದ ಬಣ್ಣ ಇಳಿಯಿತು. ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟಳು.

“ಅಯ್ಯೋ ಮಾರಾಯ್ರೆ, ಅದು ಅವಳ ಹಾಲೇ ಅಲ್ಲ! ಕೆಳಗೆ ಹೋಟೆಲಿನಲ್ಲಿ ಬಾದಾಮಿ ಹಾಲಿಗೆ ಅಂತ ಸಕ್ಕರೆ ಯಾಲಕ್ಕಿ ಹಾಕಿ ಇಟ್ಟದ್ದು. ನೀವು ಕೆಲಸ ಎಂತದ್ದು ಅಂತ ಹೇಳಲಿಲ್ಲ. ನಾನು ಏನಂತ ಎಣಿಸುವುದು? ಮಾಟಕ್ಕೆ ಅಂತಲೇ ಎಣಿಸಿದೆ. ಹೋಟೆಲಿನ ಹಾಲಿಗೆ ಮಾಟ ಮಾಡಿದರೆ ನಮ್ಮ ಗಿರಾಕಿಗಳಿಗೆ ತಾಗಲಿ, ಮಗುವಿಗೆ ಬೇಡ ಅಂತ.”

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. “ನೀವು ಹಾಲಿಗೆ ಏನೋ ಹಾಕಿ ನನಗ ಮಾಟಾ ಮಾಡೀರಿ ಅಂತ ನಾನು ತಿಳಕೊಂಡಿದ್ದೆನ್ರಿ,” ಎಂದೆ.

“ನಾನಾ? ನಿಮಗಾ?” ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು. ಸೊಸೆ ಎಲ್ಲ ಕೇಳಿಸಿಕೊಂಡಿದ್ದಳು. ಅಗಣಿ ತೆಗೆದದ್ದೇ, ನನಗೂ ತಿಳಿಯಲೆಂದೋ ಏನೋ, ತುಳು ಬಿಟ್ಟು ಕನ್ನಡದಲ್ಲೇ ತಾಯಿಯ ಮೇಲೆ ಹರಿಹಾಯ್ದಳು. “ಅಮ್ಮ, ನನ್ನ ಹತ್ತಿರ ಒಂದು ಮಾತು ಕೇಳಿದ್ಯಾ? ಅವತ್ತು ಒಳಗೆ ಬಂದು, ಅತ್ತೆ ನನಗೆ ಕೊಟ್ಟ ಬಾಣಂತಿ ಲೇಹ್ಯ ವಾಪಸ್ ಕೇಳ್ತಿದ್ದಾರೆ ಅಂತ ಸುಳ್ಳು ಹೇಳಿದೆಯಲ್ಲ!” ಆಮೇಲೆ ನನ್ನ ಕಡೆ ತಿರುಗಿದಳು. “ನೀವಾದರೂ ಬಾಯಿ ಬಿಟ್ಟು ಹೇಳಬಾರದಿತ್ತಾ ಅತ್ತೆ?”

ಬೀಗತಿ ಎದ್ದಳು. ಮತ್ತೊಮ್ಮೆ ನನ್ನ ಕೈಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಮೂಸಿಯೂ ನೋಡಿದಳು. ನಗುತ್ತಲೇ ನೋಡಿದಳು, ಆದರೆ ನೋಡುವುದನ್ನು ಮಾತ್ರ ಬಿಡಲಿಲ್ಲ. ಒಗೆದ ಟವೆಲಿನಿಂದ ತಟ್ಟಿ ತಟ್ಟಿ ಒರೆಸಿದಳು. ಆಮೇಲೆ ಮಗಳಿಗೆ ತುಳುವಿನಲ್ಲಿ ಏನೋ ಅಂದಳು. ಸೊಸೆ ಒಳಗೆ ಹೋಗಿ ಕೂಸನ್ನು ತಂದು ನನ್ನ ಎಡಗೈ ಮೇಲೆ ಇಟ್ಟಳು.

ಅದರ ತಲೆ ಸರಿಯಾಗಿ ತೊಟ್ಟಿಲ ಮೇಲೆ ಬಂತು. ಬೆಚ್ಚಗೆ, ಭಾರವಾಗಿ. ನನ್ನವಳು, ನನ್ನ ಬಂಗಾರ, ನನ್ನ ಸಕ್ಕರೆ ಗೊಂಬೆ! ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಹುಬ್ಬು ಗಂಟಿಕ್ಕಿ, ಇವಳ್ಯಾರು ಎಂದು ವಿಚಾರಿಸುವ ಹಾಗೆ. ಎರಡೂ ಅಜ್ಜಿಯರ ಹುಬ್ಬು ಅವಳಿಗೆ ಬಂದಿತ್ತು. ನಾನು ಅವಳನ್ನು ಹೂವಿನ ತೊಟ್ಟಿಲಿಗೆ ಹಾಕಿದೆ. ಬೀಗತಿ ಕಿವಿಯಲ್ಲಿ ಹೆಸರು ಹೇಳಿದಳು. ಮಗ ಪೇಢೆ ಹಂಚಿದ. ನಮ್ಮ ಮನೆಯವರು ಕಣ್ಣೊರೆಸಿಕೊಂಡು, ಊದುಬತ್ತಿಯ ಹೊಗೆ ಎಂದರು.

ಸಂಜೆ ಬೀಗರು ಹೋಟೆಲಿನ ಶಟರ್ ಅರ್ಧ ಇಳಿಸಿದರು. ಮೇಜು ಕೂಡಿಸಿ ಎಲೆ ಹಾಕಿ ಎಲ್ಲರೂ ಒಟ್ಟಿಗೆ ಕೂತೆವು. ಮಗ, ಸೊಸೆ, ಬೀಗರು, ನಮ್ಮ ಮನೆಯವರು, ನಾನು. ಕೂಸು ನನ್ನ ಎಡಗೈಯಲ್ಲಿ. ಕೊಡಿ ಎಂದು ಎಲ್ಲರೂ ಕೇಳಿದರು, ನಾನು ಕೊಡಲಿಲ್ಲ. ನಮ್ಮ ಮನೆಯವರು ಸಾರಿನಲ್ಲಿ ಬೆಲ್ಲ ಬಿದ್ದಿದೆಯೆಂದು ಮುಖ ಕಿವುಚಿದರು. ಬೀಗರು ನಮ್ಮ ಶೇಂಗಾ ಚಟ್ನಿ ನಾಲಿಗೆಗಿಟ್ಟು ನೀರಿಗೆ ಕೈ ಚಾಚಿದರು. ಬೀಗತಿ ಬಡಿಸುತ್ತ ಬಂದವಳು ನನ್ನ ಎಲೆಯ ಮುಂದೆ ನಿಂತಳು. ಒಂದು ಕೈಯಲ್ಲಿ ನನಗೆ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಪಾತ್ರೆ ಕೆಳಗಿಟ್ಟು, ಪಕ್ಕದಲ್ಲಿ ಕೂತು, ರೊಟ್ಟಿ ಮುರಿದು ಪಲ್ಯ ಸುತ್ತಿ ನನ್ನ ಎಲೆಯ ಅಂಚಿಗೆ ಒಂದೊಂದೇ ತುತ್ತು ಇಡತೊಡಗಿದಳು.

“ಎಂತ ನೋಡುವುದು? ಉಣ್ಣಿ,” ಎಂದಳು.

“ನೀವೂ ಎಲಿ ಹಾಕ್ಕೋರಿ,” ಎಂದೆ. ಸೊಸೆ ತಾಯಿಗೂ ಎಲೆ ಹಾಕಿದಳು. ಉಂಡೆವು.